ಮನೆದೇವರು ಯಾವುದೆಂದು ಕೇಳದ ಊರು

ಬೆಸಗರಹಳ್ಳಿಗೆ ಹತ್ತಿರದ ನಮ್ಮೂರಿನಲ್ಲಿ, ಅವ್ವನ ಮನೆಯ ಜಗುಲಿಯ ಮೇಲೆ ಆ ಭಾನುವಾರ ನಾವು ನಾಲ್ವರು ಕೂತಿದ್ದೆವು. ಅವ್ವ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಬ್ಲಫ್‌ನಲ್ಲಿ ಕರೆಂಟು ಹುಟ್ಟಿಸುವ ಕಡೆ ಕೆಲಸಕ್ಕಿರುವ ಅಣ್ಣ ಪಾಳಿ ಬದಲಿಸಿಕೊಂಡು ಬಂದಿದ್ದ. ನಮ್ಮ ಯಜಮಾನರು ಕಂಬದ ಪಕ್ಕ ಫೋನು ಹಿಡಿದುಕೊಂಡು ಸುಮ್ಮನಿದ್ದರು. ನಾನು ಅವ್ವನ ಮೊರದಿಂದ ಹುಳುಕು ಕಾಯಿ ಆರಿಸಿ ಎಸೆಯುತ್ತಿದ್ದೆ. ಒಳಗೆ ಅಟ್ಟದ ಮೇಲೆ ಒಂದು ಚಕ್ರ ಕಿತ್ತುಹೋದ ಸೂಟ್‌ಕೇಸಿತ್ತು. ಅದನ್ನೂ ಸೇರಿಸಿಕೊಂಡರೆ ಐವರು ಅನ್ನಬೇಕು, ಯಾಕೆಂದರೆ ಮಾತೆಲ್ಲ ಅದರ ಸುತ್ತಲೇ ನಡೆಯುತ್ತಿತ್ತು.

ಇಥಿಯೋಪಿಯಾದಿಂದ ನಾವು ಓಡಿ ಬಂದಾಗ ತಂದ ಸೂಟ್‌ಕೇಸು ಅದು. ಬಂದ ದಿನವೇ ಅಣ್ಣ ಅದನ್ನು ಅಟ್ಟಕ್ಕೇರಿಸಿ, "ಇನ್ನ ಇದ್ರ ಕೆಲ್ಸ ಮುಗೀತು ಕಣಮ್ಮ, ಕಾಳು ತುಂಬಾಕೆ ಆಯ್ತದೆ" ಅಂದಿದ್ದ. ಈಗ ಯಜಮಾನರ ಫೋನಿಗೆ ಅಲ್ಲಿನ ವಿಶ್ವವಿದ್ಯಾಲಯದಿಂದ ಸುದ್ದಿ ಬಂದಿತ್ತು. ಗಲಾಟೆ ತಣ್ಣಗಾಗಿದೆ, ತರಗತಿಗಳು ಶುರುವಾಗುತ್ತವೆ, ಮುಂದಿನ ತಿಂಗಳು ಮೇಷ್ಟ್ರುಗಳೆಲ್ಲ ಬಂದು ಸೇರಿಕೊಳ್ಳಬೇಕು ಎಂದು. ಮಂಡ್ಯದ ಒಂದು ಖಾಸಗಿ ಕಾಲೇಜಿನವರೂ ಇವರಿಗೆ ಕೆಲಸ ಕೊಡುತ್ತೇವೆ ಅಂದಿದ್ದರು. ಅಲ್ಲಿಗೆ ತಿರುಗಿ ಹೋಗುವುದೋ, ಇಲ್ಲೇ ಬೇರು ಬಿಡುವುದೋ, ಅವತ್ತು ತೀರ್ಮಾನ ಆಗಬೇಕಿತ್ತು.

ನಾವಿದ್ದದ್ದು ಆ ದೇಶದ ಬಡಗಣ ಬೆಟ್ಟಗಳ ಮೇಲಿನ ಒಂದು ಹಳೇ ರಾಜಧಾನಿಯಲ್ಲಿ. ಊರ ನಡುವೆ ಕಲ್ಲಿನ ಕೋಟೆಗಳು, ಒಬ್ಬ ರಾಜ ಕಟ್ಟಿದ್ದರ ಪಕ್ಕಕ್ಕೆ ಅವನ ಮಗ ಕಟ್ಟಿದ್ದು, ಅದರ ಪಕ್ಕಕ್ಕೆ ಮೊಮ್ಮಗ ಕಟ್ಟಿದ್ದು. ಸಂಜೆ ಹದ್ದುಗಳು ಬುರುಜಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಮಂಡ್ಯದಲ್ಲಿ ಎರಡು ರೂಮಿಗೆ ಕೊಡುವ ಬಾಡಿಗೆಯಲ್ಲಿ ಅಲ್ಲಿ ನಮಗೆ ಅಂಗಳ, ಬಾವಿ, ಒಂದು ಪೀಚ್ ಹಣ್ಣಿನ ಮರ ಇರುವ ಮನೆ ಸಿಕ್ಕಿತ್ತು. ಇವರೊಬ್ಬರ ಸಂಬಳದಲ್ಲಿ ಉಂಡು, ಉಟ್ಟು, ಅವ್ವನಿಗೂ ಕಳಿಸುತ್ತಿದ್ದೆವು. ಅಗ್ಗದ ಊರು. ಆದರೆ ಯಾವಾಗ ಏನಾಗುತ್ತದೋ ಹೇಳಲಾಗದ ಊರು. ಕರೆಂಟು ಹೋದರೆ ಮೂರು ದಿನ, ಫೋನು ಹೋದರೆ ಮೂರು ತಿಂಗಳು. ಬ್ಯಾಂಕಿನ ಮುಂದೆ ನಿಂತವರಿಗೆ ದುಡ್ಡು ಮುಗಿಯಿತು ಅನ್ನುತ್ತಿದ್ದರು. ಗುಡ್ಡದಾಚೆ ಗುಂಡಿನ ಸದ್ದು ಕೇಳಿದರೆ ಅಂಗಡಿಯವರು ಅರ್ಧ ಬಾಗಿಲು ಎಳೆಯುತ್ತಿದ್ದರು, ಹತ್ತಿರ ಬಂದರೆ ಪೂರ್ತಿ.

ನಮ್ಮ ಗೋಡೆಗೆ ಅಂಟಿದ ಗೋಡೆ ಒಬ್ಬ ಅಜ್ಜಿಯದು. ಮಗಳ ಜೊತೆಗಿದ್ದಳು. ನಾನು ಕನ್ನಡ ಕಲಿತದ್ದು ಅವ್ವನ ಬಾಯಿಂದ, ಆ ಊರ ಮಾತು ಕಲಿತದ್ದು ಈ ಅಜ್ಜಿಯ ಬಾಯಿಂದ. ಅದಕ್ಕೇ ಅಲ್ಲಿನ ಸಂತೆಯಲ್ಲಿ ನಾನು ಬಾಯಿಬಿಟ್ಟರೆ ಈರುಳ್ಳಿ ಮಾರುವ ಹುಡುಗಿಯರು ನಗುತ್ತಿದ್ದರು, ಈ ಹೆಂಗಸು ಹಲ್ಲಿಲ್ಲದ ಮುದುಕಿಯ ಹಾಗೆ ಮಾತಾಡುತ್ತಾಳೆ ಎಂದು.

ಅವರಲ್ಲಿ ಕಾಫಿ ಅಂದರೆ ಮೂರು ಸುತ್ತು. ಹಸಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕಾಯಿಸಿ ಕೊಡುವುದು ಮೊದಲನೆಯದು. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಎರಡನೆಯದು, ಮತ್ತೊಮ್ಮೆ ಹಾಕಿ ಮೂರನೆಯದು. ಮೂರನೆಯದು ಬರೀ ಕೆಂಪು ನೀರು, ಆದರೆ ಆಶೀರ್ವಾದ ಇರುವುದು ಅದರಲ್ಲೇ ಅಂತೆ. ಅದನ್ನು ಕುಡಿಯದೆ ಎದ್ದು ಹೋಗುವ ಹಾಗಿಲ್ಲ. ಅಜ್ಜಿಗೆ ಸಕ್ಕರೆ ಕಾಯಿಲೆ, ಅದಕ್ಕೆ ಕಾಫಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳುತ್ತಿದ್ದಳು. ನಮ್ಮ ಜಿಲ್ಲೆಯ ತುಂಬ ಕಬ್ಬು ಎಂದು ಹೇಳಿದಾಗ, "ನನ್ನ ಮೈಯಲ್ಲೂ ಅದೇ ಬೆಳೆ, ಕಟಾವು ಮಾಡುವವರಿಲ್ಲ" ಅಂದು ನಕ್ಕಿದ್ದಳು.

ಊಟಕ್ಕೆ ಕೂತರೆ ಇನ್ನೊಂದು. ಹುಳಿ ಬಂದ ಹಿಟ್ಟಿನಿಂದ ಮೊರದಗಲ ದೋಸೆ ಹಾಕಿ, ಅದರ ಮೇಲೆ ಪಲ್ಯ ಸಾರು ಬಡಿಸಿ, ಮನೆಮಂದಿಯೆಲ್ಲ ಒಂದೇ ತಟ್ಟೆಗೆ ಕೈ ಹಾಕುತ್ತಾರೆ. ಮೊದಲ ತುತ್ತನ್ನು ಸುತ್ತಿ ಪಕ್ಕದವರ ಬಾಯಿಗೆ ಇಡುತ್ತಾರೆ. ನಾವು ಆ ಊರಿಗೆ ಹೋದ ವಾರವೇ ಅಜ್ಜಿ ನನ್ನ ಬಾಯಿಗೂ ಇಟ್ಟಳು. ನನಗೆ ಆ ತುತ್ತು ನುಂಗಲು ಹೊತ್ತು ಹಿಡಿಯಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಅವಳು ತಿಳಿದಳು. ನಾನು ತಿದ್ದಲಿಲ್ಲ.

ಇಲ್ಲಿ ನಮ್ಮದು ಊರ ಹೊರಗಿನ ಬೀದಿ. ಅಣ್ಣ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ನಡುಮನೆಗೆ ಬುದ್ಧನ ಪಟ ಬಂತು, ಉಳಿದ ದೇವರುಗಳೆಲ್ಲ ಇಳಿದವು. ಇಳಿಯದೆ ಉಳಿದದ್ದು ಅವ್ವನ ಸೆರಗಿನ ಗಂಟಿನಲ್ಲಿದ್ದ ಮುತ್ತತ್ತಿಯ ಆಂಜನೇಯನ ಒಂದು ಪುಟ್ಟ ತಗಡು. ಅದು ಅಣ್ಣನಿಗೂ ಗೊತ್ತಿತ್ತು. ಕಂಡರೂ ಕಾಣದವನಂತೆ ಇರುತ್ತಿದ್ದ.

"ಮೇಷ್ಟ್ರೇ, ಮಂಡ್ಯದ ಕೆಲ್ಸ ಇಡ್ಕಳಿ" ಎಂದು ಅಣ್ಣ ಶುರು ಮಾಡಿದ. "ಸಂಬಳ ಕಮ್ಮಿ ಆದ್ರೂ ಜೀವ ಇರ್ತದೆ. ಆ ಊರಲ್ಲಿ ಮನ್ಸ ಬೆಳಿಗ್ಗೆ ಓದ್ರೆ ಸಂಜೀಕೆ ಬತ್ತಾನೆ ಅನ್ನಂಗಿಲ್ಲ."

ಅವ್ವ, "ಅಲ್ಲಾ ಅಳೀಮಯ್ಯ, ಅಲ್ಲೇನೋ ಸತ್ತೋರನ್ನ ಎತ್ತಾಕೆ ಸಂಗ ಮಾಡ್ಕಂಡವ್ರಂತಲ್ಲ, ಅದ್ಕೆ ನಿಮ್ಮನ್ನೂ ಸೇರ್ಸ್‌ಬುಟ್ಟವ್ಳಂತೆ ಆ ಮುದ್ಕಿ, ದಿಟ್ವಾ?" ಅಂದಳು.

ದಿಟವೇ. ಅಲ್ಲಿ ಪ್ರತಿ ಓಣಿಗೂ ಒಂದು ಸಾವಿನ ಸಂಘ. ತಿಂಗಳಿಗಿಷ್ಟು ಎಂದು ಕಟ್ಟಿದರೆ, ಯಾರ ಮನೆಯಲ್ಲಿ ಸಾವಾದರೂ ಶಾಮಿಯಾನ, ಬೆಂಚು, ಪಾತ್ರೆ, ಹೊರುವ ಹೆಗಲು ಎಲ್ಲ ಓಣಿಯದೇ. ನಾವು ಸಾಮಾನು ಇಳಿಸಿದ ಮೊದಲ ತಿಂಗಳಲ್ಲೇ ಅಜ್ಜಿ ಇವರನ್ನು ಕರೆದುಕೊಂಡು ಹೋಗಿ ಸೇರಿಸಿದ್ದಳು. "ಇಲ್ಲೇ ಸತ್ತುಹೋದರೆ ನಿಮ್ಮನ್ನು ಯಾರು ಎತ್ತುತ್ತಾರೆ? ನನ್ನ ಕೈಲಂತೂ ಆಗುವುದಿಲ್ಲ" ಅನ್ನುವುದು ಅವಳ ವಾದ.

"ಸಾಯಕ್ ಮುಂಚೇನೇ ಗೊತ್ತು ಮಾಡ್ಬುಟ್ಳು ನೋಡು!" ಎಂದು ಅವ್ವ ನಕ್ಕಳು. ಅಣ್ಣ ನಗಲಿಲ್ಲ.

"ಆವಮ್ಮನ ಮಗನ್ನ ಏನ್ ಮಾಡುದ್ರು, ಅದೂವೆ ಏಳು ಅವ್ವಂಗೆ" ಅಂದ ನನಗೆ.

ನಾನು ಹೇಳಿರಲಿಲ್ಲ. ಅಜ್ಜಿಗೆ ಒಬ್ಬ ಮಗನಿದ್ದ, ಲಾರಿ ಓಡಿಸುತ್ತಿದ್ದ. ಊರಾಚೆ ಯಾರೋ ದಾರಿಗೆ ಅಡ್ಡ ಕಲ್ಲಿಟ್ಟು, ಬಂದ ಗಾಡಿಗಳನ್ನೆಲ್ಲ ನಿಲ್ಲಿಸಿ, ಇಳಿದವರನ್ನು ನೀನು ಯಾವ ಜನ, ನಿನ್ನ ತಾಯಿ ಯಾವ ಜನ ಎಂದು ಕೇಳಿದ್ದರು. ಅವನ ಉತ್ತರ ಅವರಿಗೆ ಬೇಕಾದ ಉತ್ತರ ಆಗಿರಲಿಲ್ಲ. ಓಣಿಯ ಸಂಘಕ್ಕೆ ಹೊರಲು ಹೆಣವೂ ಸಿಗಲಿಲ್ಲ.

ಇದನ್ನು ಹೇಳಿ ಮುಗಿಸಿದಾಗ ಅವ್ವನ ಕೈಯಲ್ಲಿದ್ದ ಅವರೆಕಾಯಿ ಸುಲಿಯದೆ ಹಾಗೇ ಇತ್ತು.

"ಅಲ್ಲೂ ಇದ್ನೇ ಕೇಳ್ತಾರಲ್ಲಮ್ಮಾ" ಎಂದು ಅಣ್ಣ ನನ್ನ ಕಡೆ ತಿರುಗಿದ. "ಅಲ್ಲಿ ಕೇಳ್ದೋರು ಗುಂಡು ಒಡೀತಾರೆ. ಇಲ್ಲಿ ಕೇಳ್ದೋರು ಮನೆ ಕೊಡಾಕಿಲ್ಲ, ಅಷ್ಟೆಯ. ಯಾವ್ದು ವಾಸಿ ಏಳು."

ಯಜಮಾನರು ಆಗ ಬಾಯಿಬಿಟ್ಟರು. "ಭಾವ, ನೀವು ಕೆಲ್ಸಕ್ಕೆ ಸೇರ್ದಾಗ್ಲಿಂದ ಕ್ವಾಟ್ರಸ್ಸಲ್ಲೇ ಇದ್ದೀರಿ. ಒಂದಿನಾನೂ ಬಾಡ್ಗೆ ಮನೆ ಕೇಳ್ಕಂಡು ಓದೋರಲ್ಲ."

"ಈಗ ಓಗನ ಬನ್ನಿ, ಅದೇನ್ ಆಯ್ತದೋ ನೋಡೇ ಬುಡನ" ಅಂದ ಅಣ್ಣ.

ನಾನು ಅಣ್ಣನ ಪಕ್ಷ. ಒಪ್ಪಿಕೊಳ್ಳುತ್ತೇನೆ, ನನಗೆ ಹೆದರಿಕೆಯಿತ್ತು. ಗುಂಡಿನ ಸದ್ದು ಮೊದಲ ಸಲ ನಮ್ಮ ಓಣಿಗೇ ಬಂದ ಬೆಳಿಗ್ಗೆ ನಾವು ಅಜ್ಜಿಯ ಮನೆಯಲ್ಲಿ ಎರಡನೇ ಸುತ್ತಿನ ಕಾಫಿ ಹಿಡಿದಿದ್ದೆವು. ಎದ್ದು ಓಡಬೇಕು ಎಂದು ನಾನು ಲೋಟ ಇಟ್ಟರೆ, ಅಜ್ಜಿ ನನ್ನ ಮೊಣಕೈ ಹಿಡಿದು ಕೂರಿಸಿದಳು. "ಇನ್ನೊಂದು ಸುತ್ತಿದೆ. ಅವರದು ಮುಗಿಯುವುದರೊಳಗೆ ನಮ್ಮದೂ ಮುಗಿಯುತ್ತದೆ." ಗೋಡೆಯ ಗಾರೆ ಉದುರುತ್ತಿರುವಾಗ ಆ ಕೆಂಪು ನೀರನ್ನು ಕುಡಿದೆವು. ಊರು ಬಿಟ್ಟ ದಿನ ಮಾತ್ರ ವಿಮಾನ ನಿಲ್ದಾಣದ ಗಾಡಿ ಬೇಗ ಬಂದುಬಿಟ್ಟಿತು. ಎರಡು ಸುತ್ತಿಗೇ ಎದ್ದೆವು. "ಮೂರನೆಯದು ಬಂದು ಕುಡಿಯಿರಿ" ಅಂದಳು. ಆ ಓಣಿಯ ಕಲ್ಲು ಹಾಸಿನ ಮೇಲೆ ಎಳೆದುಕೊಂಡು ಓಡುವಾಗಲೇ ಸೂಟ್‌ಕೇಸಿನ ಚಕ್ರ ಕಿತ್ತುಹೋದದ್ದು.

ಮಂಡ್ಯಕ್ಕೆ ಮನೆ ನೋಡಲು ಬುಧವಾರ ಹೋದೆವು. ಅಣ್ಣನಿಗೆ ಪಾಳಿ ತಪ್ಪಿಸಲಾಗದೆ ಅವನು ಬರಲಿಲ್ಲ, ಅವ್ವ ಬಂದಳು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಹೂ ಕೊಂಡು ತಾನೂ ಮುಡಿದು ನನಗೂ ಮುಡಿಸಿದಳು. "ಮನೆ ಕೇಳಾಕೆ ಓಗೋರು ಮಟ್ಟಸವಾಗಿ ಓಗ್ಬೇಕು ಮಗಾ."

ಕಾಲೇಜಿನ ಹಿಂದಿನ ಬಡಾವಣೆಯಲ್ಲಿ ಒಂದು ಮಹಡಿ ಮನೆ ಖಾಲಿಯಿತ್ತು. ಮನೆಯಾಕೆ ಒಳ್ಳೆಯ ಮಾತಿನವಳು. ಕೂರಿಸಿ, ನೀರು ಕೊಟ್ಟು, ಇವರು ವಿದೇಶದಲ್ಲಿ ಪಾಠ ಹೇಳುತ್ತಿದ್ದವರು ಎಂದು ತಿಳಿದು, "ಮೇಷ್ಟ್ರು ಅಂದ್ರೆ ಬುಡಿ, ಗಲಾಟೆ ಇರಾಕಿಲ್ಲ" ಎಂದು ಸಂತೋಷಪಟ್ಟಳು. ಕೀಲಿ ತೆಗೆದು ತೋರಿಸಿದಳು. ಅಡುಗೆಮನೆಗೆ ಮೂಡಣ ಬೆಳಕು ಬೀಳುತ್ತಿತ್ತು. ಒಲೆ ಎಲ್ಲಿಡಬೇಕು, ಕುಡಿಯುವ ನೀರು ಎಲ್ಲಿಡಬೇಕು ಎಂದು ನಾನು ಆಗಲೇ ಮನಸ್ಸಿನಲ್ಲಿ ಜೋಡಿಸಿಬಿಟ್ಟೆ.

ನಮ್ಮ ಕಡೆ ನೇರವಾಗಿ ನೀವು ಯಾವ ಜನ ಎಂದು ಯಾರೂ ಕೇಳುವುದಿಲ್ಲ. ಅದು ಮರ್ಯಾದೆಯಲ್ಲ. ಯಾವೂರು ಅನ್ನುತ್ತಾರೆ. ಅಲ್ಲಿ ಯಾರ ಪೈಕಿ ಅನ್ನುತ್ತಾರೆ. ಅದರಲ್ಲೂ ತಿಳಿಯದಿದ್ದರೆ ದೇವರನ್ನು ಕೇಳುತ್ತಾರೆ.

"ನಿಮ್ ಮನೆದೇವ್ರು ಯಾವ್ದಮ್ಮ?" ಎಂದು ಅವಳು ಕೇಳಿದಳು, ನನ್ನನ್ನಲ್ಲ, ಅವ್ವನನ್ನು. ಇಂಥದನ್ನು ಹಿರಿಯರನ್ನೇ ಕೇಳುವುದು.

ಅಣ್ಣ ಇದ್ದಿದ್ದರೆ ಬುದ್ಧ ಎನ್ನುತ್ತಿದ್ದ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ಮಾತ್ರ ಸಲೀಸಾಗಿ, "ಮುತ್ತತ್ತಿರಾಯ ಕಣವ್ವ" ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಆಂಜನೇಯನಿಗೆ ಎಲ್ಲ ಜನದಲ್ಲೂ ಒಕ್ಕಲುಂಟು.

ಮನೆಯಾಕೆಯ ಮುಖ ಅರಳಿತು. "ನಮ್ದೂವೆ ಅವ್ನೇ ಕಣಮ್ಮ! ಅಂಗಾರೆ ನಮ್ಮೋರೇ ಆದ್ರಿ. ಇರಿ, ಕುಂಕುಮ ತತ್ತೀನಿ" ಎಂದು ಒಳಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. "ಶ್ರಾವಣದಲ್ಲಿ ಓದ್ರೆ ನೀವು ಎಲ್ಲಿ ಒಲೆ ಹೂಡೋದು?"

ದೇವರ ಹೆಸರಿಗೇ ಅವ್ವನಿಗೆ ಖುಷಿಯಾಗಿಬಿಟ್ಟಿತ್ತು. ಎಷ್ಟೋ ವರ್ಷಗಳಿಂದ ಮನೆಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಲಾಗದವಳು. ಯಾರೋ ತನ್ನ ಪ್ರಾಯದ ಕಾಲವನ್ನೇ ಎದುರಿಗೆ ತಂದಿಟ್ಟಂತಾಗಿ, ಕೈಬೀಸಿ ಹೇಳತೊಡಗಿದಳು. "ಗುಡಿ ತಾವಲ್ಲ ಕಣವ್ವ, ಒಳೆ ಇಳುಕ್ಲಲ್ಲಿ, ಕೆಳುಗ್ಲು ಕಲ್ಲು ದಾಟುದ್ರೆ ದೊಡ್ಡ ಉಣಸೇಮರ ಇತ್ತಲ್ಲ, ಅದ್ರಡೀಲಿ. ನಮ್ಮತ್ತೆ ಕಾಲ್ದಿಂದ್ಲೂ ನಮ್ದು ಅದೇ ಜಾಗ."

ಮುತ್ತತ್ತಿಗೆ ಹೋದವರು ಹೊಳೆದಂಡೆಯಲ್ಲಿ ಅಡುಗೆ ಮಾಡಿ ಉಂಡು ಬರುತ್ತಾರೆ. ಅವ್ವನ ಕಾಲದಲ್ಲಿ ಯಾವ ಜನ ಯಾವ ಮರದಡಿ ಒಲೆ ಹೂಡಬೇಕು ಎಂಬುದು ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮೇಲಿನವರು ಪಾತ್ರೆ ತೊಳೆದ ನೀರು ಹರಿದು ಬರುವ ಕಡೆಯದು ನಮ್ಮ ಮರ. ದೇವರು ಒಬ್ಬನೇ, ಮರ ಮಾತ್ರ ಬೇರೆ.

"ಓ, ಉಣಸೇಮರದ ತಾವಾ" ಅಂದಳು ಮನೆಯಾಕೆ. ದನಿಯಲ್ಲಿ ಏನೂ ಬದಲಾಗಲಿಲ್ಲ. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದಳು, ಕೈಯಲ್ಲಿ ಕುಂಕುಮದ ಭರಣಿ ಇರಲಿಲ್ಲ. "ಯಜಮಾನ್ರ ಕೇಳಿ ಫೋನ್ ಮಾಡ್ತೀನಿ, ಆಯ್ತಾ?" ಅಂದಳು. ಅವ್ವ ಹಣೆ ಒಡ್ಡಿಕೊಳ್ಳಲು ಸೆರಗು ಸರಿಮಾಡಿಕೊಂಡು ನಿಂತೇ ಇದ್ದಳು. ನಾನು ಅವಳ ಭುಜ ಹಿಡಿದು ಮೆಟ್ಟಿಲ ಕಡೆ ತಿರುಗಿಸಿದೆ.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ನಾನ್ ಬರ್ಬಾರ್ದಿತ್ತು" ಅಂದಳು ಒಮ್ಮೆ. ನೀವು ಬರದಿದ್ದರೂ ಅಷ್ಟೇ ಎಂದು ಇವರು ಸಮಾಧಾನ ಹೇಳಿದರು. ಅವ್ವ ಮುಡಿಯ ಹೂವನ್ನು ಕಿತ್ತು ಮಡಿಲಲ್ಲಿಟ್ಟುಕೊಂಡಳು.

ಸಂಜೆ ಫೋನು ಬಂತು. ಮನೆಯಾಕೆಯ ತಂಗಿಯ ಮಗ ಬರುತ್ತಿದ್ದಾನಂತೆ, ಮನೆ ಅವನಿಗೆ ಬೇಕಂತೆ. ತುಂಬ ಬೇಜಾರು ಮಾಡಿಕೊಂಡೇ ಹೇಳಿದಳು. ಆಮೇಲೆ ಮಂಡ್ಯದಲ್ಲಿ ಇನ್ನೂ ಕೆಲವು ಮನೆ ನೋಡಿದೆವು, ಮಳವಳ್ಳಿಯಲ್ಲಿದ್ದು ಓಡಾಡಿದರೂ ಆದೀತು ಎಂದು ಅಲ್ಲೂ ನೋಡಿದೆವು. ಎಲ್ಲರಿಗೂ ತಂಗಿಯ ಮಕ್ಕಳಿದ್ದರು.

ಮಂಡ್ಯದಲ್ಲಿ ನಮ್ಮ ಬೌದ್ಧರೇ ಇರುವ ಬೀದಿಯಲ್ಲಿ ಒಂದು ಮನೆ ನೋಡೋಣ, ನಮ್ಮವರು ಎಷ್ಟೋ ಜನ ಆಫೀಸರಾಗಿ ಸ್ವಂತ ಮನೆ ಕಟ್ಟಿಸಿದ್ದಾರೆ ಎಂದು ಅಣ್ಣ ಹೇಳಿದ. ಇವರು ಕೇಳಿಸಿಕೊಂಡರು. "ಊರಲ್ಲೂ ಇದೇ ಬೀದಿ, ಮಂಡ್ಯದಲ್ಲೂ ಇದೇ ಬೀದಿ ಅಂದ್ರೆ, ನಾನ್ ಇಷ್ಟೆಲ್ಲ ಓದಿ ಬೀದಿ ದಾಟ್ಲೇ ಇಲ್ವಲ್ಲ ಭಾವ" ಅಂದರು. ಆ ರಾತ್ರಿಯೇ ಇವರು ಬರುತ್ತೇನೆಂದು ಆ ವಿಶ್ವವಿದ್ಯಾಲಯಕ್ಕೆ ತಿಳಿಸಿದರು. ನಾನು ಮಾತ್ರ, "ನೀವು ಹೋಗಿ. ನನ್ನ ಕೈಲಾಗದು" ಅಂದೆ.

ಇವರು ಹೊರಡುವಾಗ ರಾಗಿಹಿಟ್ಟಿಗಿಂತ ಹೆಚ್ಚಾಗಿ ಒಯ್ದದ್ದು ಇನ್ಸುಲಿನ್, ಅಜ್ಜಿಗೆಂದು. ಅಲ್ಲಿ ಕರೆಂಟಿಲ್ಲದೆ ಫ್ರಿಜ್ಜು ನಡೆಯುವುದಿಲ್ಲವಲ್ಲ ಎಂದು ನಾನು ಚಿಂತೆ ಮಾಡಿದರೆ, ಅವ್ವ ಉಪಾಯ ಹೇಳಿಕೊಟ್ಟಳು. "ದೊಡ್ ಮಡ್ಕೆ ಒಳೀಕೆ ಚಿಕ್ ಮಡ್ಕೆ ಇಕ್ಕಿ, ನಡುವ್ಕೆ ಮರ್ಳು ತುಂಬಿ, ದಿನಾ ನೀರ್ ಚಿಮುಕ್ಸು ಅಂತ ಏಳಿ ಆವಮ್ಮಂಗೆ. ಬೆಣ್ಣೆ ಕೆಡಾಕಿಲ್ಲ, ಇನ್ನ ಔಸ್ದಿ ಕೆಟ್ಟದಾ?" ಕೆಡಲಿಲ್ಲ. ಅಜ್ಜಿ ಆ ಮಡಕೆಗೆ ನಮ್ಮವ್ವನ ಹೆಸರಿಟ್ಟಿದ್ದಾಳೆ ಎಂದು ಇವರು ಫೋನಿನಲ್ಲಿ ಹೇಳಿದಾಗ ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಅಲ್ಲಿ ಮತ್ತೆ ಹತ್ತಿಕೊಂಡಿತು. ದಾರಿ ಮುಚ್ಚಿತು, ವಿಮಾನ ನಿಂತಿತು, ಫೋನು ಸತ್ತಿತು. ಇವರು ಇದ್ದಾರೋ ಇಲ್ಲವೋ ಎಂದು ತಿಳಿಯದೆ ನಾನು ಅವ್ವನ ಜಗುಲಿಯ ಮೇಲೆ ಇಡೀ ಆ ಮಳೆಗಾಲ ಕೂತೆ. ಮಾತಾಡಲು ಬಂದವರು ಮಾತಾಡಿಸದೆ ಹೋಗುತ್ತಿದ್ದರು. ಅಣ್ಣ ದಿನಾ ಬ್ಲಫ್‌ನಿಂದ ಫೋನು ಮಾಡಿ, "ಬಂತಾ?" ಎಂದಷ್ಟೇ ಕೇಳುತ್ತಿದ್ದ. "ಇಲ್ಲ" ಎಂದರೆ ಇಡುತ್ತಿದ್ದ.

ಒಂದು ಮಧ್ಯಾಹ್ನ ಅವ್ವ ಮುದ್ದೆ ತಿರುವುತ್ತಿದ್ದಾಗ ಫೋನು ಬಂತು. ಇವರದೇ ದನಿ. ಬದುಕಿದ್ದೇನೆ, ಮೈಯಲ್ಲಿ ಏನೂ ಆಗಿಲ್ಲ, ತೆಳ್ಳಗಾಗಿದ್ದೇನೆ ಅಂದರು. ಆಮೇಲೆ ಅಜ್ಜಿ ಹೋದಳು ಎಂದರು. ಗುಂಡಿನಿಂದಲ್ಲ. ಒಯ್ದಿದ್ದ ಇನ್ಸುಲಿನ್ ತೀರಿತು, ಊರಿಗೆ ಬೇರೆ ಬರಲಿಲ್ಲ. ಮಡಕೆಯ ಮರಳಿಗೆ ಅವಳ ಮಗಳು ಕೊನೆಯವರೆಗೂ ನೀರು ಚಿಮುಕಿಸುತ್ತಲೇ ಇದ್ದಳಂತೆ, ಬರಿದಾದ ಮೇಲೂ.

ಸಂಘದವರು ಶಾಮಿಯಾನ ಹಾಕಿದರು, ಬೆಂಚು ತಂದರು. ಮಗನಿಲ್ಲದ ಮನೆ. ಚಟ್ಟ ಎತ್ತುವಾಗ ಓಣಿಯ ಹಿರಿಯನೊಬ್ಬ ಇವರ ಕಡೆ ಕೈ ಮಾಡಿ, ನೀನು ಮುಂದಕ್ಕೆ ಬಾ, ಆ ಬಲಗಡೆಗೆ ಹೆಗಲು ಕೊಡು ಎಂದನಂತೆ. ಕೋಟೆಯ ಗೋಡೆ ಬಳಸಿಕೊಂಡು ಇಗರ್ಜಿಯ ತನಕ ಇವರೂ ಹೊತ್ತರಂತೆ.

ಫೋನಿಟ್ಟು ಇದನ್ನೆಲ್ಲ ಅವ್ವನಿಗೆ ಹೇಳಿದೆ.

"ಅವ್ರೇ ಕರುದ್ರಾ? ಇವ್ರೇ ಓಗಿ ಕೊಟ್ರಾ?"

"ಅವ್ರೇ ಕರುದ್ರಂತೆ ಕಣವ್ವ."

ಅವ್ವ ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಕೂತಳು. "ನಿಮ್ಮಪ್ಪ ಈ ಊರಲ್ಲಿ ಎಷ್ಟ್ ಎಣದ ಮುಂದೆ ತಮಟೆ ಒಡ್ದವ್ನೆ, ಎಷ್ಟ್ ಗುಂಡಿ ತೋಡವ್ನೆ. ಒಂದ್ಸಲನಾರ ಎಗಲು ಕೊಡು ಬಾ ಅಂತ ಒಬ್ರು ಕರೀನಿಲ್ಲ" ಅಂದಳು. ಮುದ್ದೆ ತಳ ಹಿಡಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಸಂಜೆ ಅಣ್ಣ ಎಂದಿನಂತೆ "ಬಂತಾ?" ಅಂದ. ಬಂತು ಎಂದು ಎಲ್ಲ ಹೇಳಿ, "ವಿಮಾನ ಶುರುವಾದ್ರೆ ನಾನೂ ಓಯ್ತೀನಿ ಅಣ್ಣಾ" ಅಂದೆ.

ಮುಂದಿನ ಭಾನುವಾರ ಅವನು ಬೆಳಿಗ್ಗೆಯೇ ಬಂದ. ಚಪ್ಪಲಿ ಬಿಟ್ಟು, ಯಾರನ್ನೂ ಮಾತಾಡಿಸದೆ ಅಟ್ಟ ಹತ್ತಿದ. ಸೂಟ್‌ಕೇಸು ಇಳಿಸಿ, ಅವ್ವ ಅದರಲ್ಲಿ ತುಂಬಿಟ್ಟಿದ್ದ ಹುರುಳಿಕಾಳನ್ನು ಮೊರಕ್ಕೆ ಸುರಿದ. ಬಟ್ಟೆಯಿಂದ ಧೂಳು ಒರೆಸಿದ. ಬೈಕಿನ ಹಿಂದಕ್ಕೆ ಅದನ್ನು ಹಗ್ಗದಲ್ಲಿ ಕಟ್ಟಿಕೊಂಡು, ಚಕ್ರ ಹಾಕಿಸಲು ಮದ್ದೂರಿಗೆ ಹೋದ.